ಕೈಪಿಡಿ ಹೇಳದ ಮಾತು

ಮನೆಯಲ್ಲಿ ಯಾರೂ ಓದದ ಪುಸ್ತಕ ಯಾವುದೆಂದು ಕೇಳಿದರೆ ಕಾರಿನ ಕೈಪಿಡಿ ಎನ್ನಬೇಕು. ನಾನು ಅದನ್ನು ಮೊದಲ ಸಲ ತೆರೆದದ್ದು, ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವಾಗ ಕಾರು ಚಳಿಜ್ವರ ಬಂದವರಂತೆ ನಡುಗತೊಡಗಿದ ದಿನ. ಸೀಟು ಹಿಂದೆ ಮುಂದೆ ಸರಿಸುವುದಕ್ಕೆ ಪುಟಗಟ್ಟಲೆ ವಿವರ, ಚಿತ್ರ. ಇಗ್ನಿಷನ್ ಕಾಯಿಲ್ ಎಂದೊಡನೆ ಮಾತು ಮುಗಿಯಿತು: ಮುಟ್ಟಬೇಡಿ, ಕಂಪನಿಯ ಗ್ಯಾರೇಜಿಗೆ ಒಯ್ಯಿರಿ. ನಮಗೆ ಆ ಗ್ಯಾರೇಜು ಹೊಸಪೇಟೆಯಲ್ಲಿ!

ಮೆಲ್ಲಗೆ ಕೊಟ್ಟೂರು ಸೇರಿದೆವು. ಅಲ್ಲಿಯ ಮೆಕ್ಯಾನಿಕ್ ಹುಡುಗ ಸ್ಕ್ಯಾನರ್ ಹಚ್ಚಿ, ಎರಡನೆಯ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆ ಎಂದ. ಕೀಲಿ ತೆಗೆದು, ಎಂಜಿನ್ ಆರಲು ಬಿಟ್ಟು, ಬ್ಯಾಟರಿಯ ಮೈನಸ್ ತಂತಿ ಕಳಚಿದ. ಕಾಯಿಲಿನ ತಂತಿಯನ್ನು ಎಳೆಯಲಿಲ್ಲ. ಅದರ ಕೊಂಡಿ ಒತ್ತಿ ಬಿಡಿಸಿದ. ಒಂದೇ ಬೋಲ್ಟು.

"ಜಗ್ಗಬ್ಯಾಡ್ರಿ ಅಕ್ಕಾರೆ, ಮೊದ್ಲು ಸ್ವಲ್ಪ ತಿರುವ್ರಿ. ಕೆಳಗಿನ ರಬ್ಬರ್ ಪ್ಲಗ್ಗಿಗೆ ಅಂಟಿರ್ತದ, ಹರಿದ್ರೆ ಅರ್ಧ ಒಳಗೇ ಉಳಿತದ."

ಕಾಯಿಲ್ ನೆಟ್ಟಗೆ ಮೇಲೆ ಬಂತು. ಮಣ್ಣು ಬೀಳದಿರಲೆಂದು ಆ ಕುಳಿಗೆ ಬಟ್ಟೆ ಮುಚ್ಚಿದ. ಬಳಿಕ ಒಂದನೆಯದನ್ನೂ ತೆಗೆದು, ಎರಡನ್ನೂ ಅದಲುಬದಲು ಮಾಡಿ ಕೂಡಿಸಿದ. ಈಗ ತೊಂದರೆ ಒಂದನೆಯ ಸಿಲಿಂಡರಿಗೆ ಹೋಯಿತು. ಪ್ಲಗ್ಗಿನದಲ್ಲ, ಕಾಯಿಲಿನದೇ ದೋಷವೆಂದು ಯಾರಿಗಾದರೂ ತಿಳಿಯುವಂತಿತ್ತು.

ಕೈಪಿಡಿಯ ಎಚ್ಚರಿಕೆ ಸುಳ್ಳಲ್ಲ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಹತ್ತಾರು ಸಾವಿರ ವೋಲ್ಟಿಗೆ ಏರಿಸುತ್ತದೆ. ಎಂಜಿನ್ ಓಡುವಾಗ ಕೈಯಿಟ್ಟರೆ ಅಪಾಯವೇ. ನನ್ನ ತಕರಾರು, ಈ ಕಾರಣವನ್ನು ಹೇಳಲಿಲ್ಲವೆಂಬುದು. ಕುಕ್ಕರ್ ಮುಟ್ಟಬೇಡವೆಂದು ನಾವು ಹೆಣ್ಣುಮಕ್ಕಳಿಗೆ ಹೇಳಿ ಸುಮ್ಮನಾಗುತ್ತೇವೆಯೇ? ಹಬೆ ಇಳಿಯಲಿ, ಇಲ್ಲದಿದ್ದರೆ ಮುಚ್ಚಳ ಹಾರುತ್ತದೆ ಎನ್ನುತ್ತೇವೆ. ಕಾರಣ ತಿಳಿದವಳು ಹೆದರುವುದಿಲ್ಲ, ಎಚ್ಚರವಾಗಿರುತ್ತಾಳೆ. ಕಾರಣ ಮುಚ್ಚಿಟ್ಟ ಬರಹ ಓದುಗರನ್ನು ದಡ್ಡರೆಂದೇ ತಿಳಿದಿರುತ್ತದೆ.

1888ರಲ್ಲಿ ಬರ್ತಾ ಬೆಂಝ್ ಎಂಬ ಜರ್ಮನ್ ಹೆಂಗಸು ಗಂಡನಿಗೂ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡ ಮಾಡಿದ ಕಾರನ್ನು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿನಷ್ಟು ಒಯ್ದಳು. ದಾರಿಯಲ್ಲಿ ಕಟ್ಟಿಕೊಂಡ ಇಂಧನದ ಕೊಳವೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿ, ಇಗ್ನಿಷನ್ ತಂತಿಗೆ ಕಾಲುಚೀಲದ ಪಟ್ಟಿ ಸುತ್ತಿದಳೆನ್ನುತ್ತಾರೆ. ಕಾರಿನ ಮೊದಲ ದೂರ ಪ್ರಯಾಣವೇ ಹೀಗಿರುವಾಗ, "ಯಜಮಾನ್ರು ಬಂದಿಲ್ಲೇನ್ರಿ?" ಎಂದು ಬಿಡಿಭಾಗದ ಅಂಗಡಿಯಲ್ಲಿ ನಮ್ಮನ್ನು ಇನ್ನೂ ಕೇಳುತ್ತಾರಲ್ಲ!

ಹುಡುಗ ಹೇಳಿದ್ದನ್ನೆಲ್ಲ ಕೈಪಿಡಿಯ ಅಂಚಿನಲ್ಲಿ ಬರೆದಿಟ್ಟಿದ್ದೇನೆ. ಮಗಳು ಈಗ ಹರಪನಹಳ್ಳಿಗೆ ಒಬ್ಬಳೇ ಕಾರು ಓಡಿಸಿಕೊಂಡು ಹೋಗುತ್ತಾಳೆ. ಪುಸ್ತಕ ಅವಳ ಕಾರಿನಲ್ಲಿದೆ.