ಬೆಲ್ಲದ ಸೇರು, ಅಕ್ಕಿಯ ಸೇರು

ಅಡುಗೆ ಪುಸ್ತಕವನ್ನು ನಾವು ಹೆಂಗಸರು ಮುನ್ನುಡಿಯಿಂದ ಓದುವುದಿಲ್ಲ. ಬೇಕಾದ ತಿಂಡಿಯ ಪುಟ ತೆಗೆದು ನೇರ ಒಲೆಯ ಮುಂದೆ ನಿಲ್ಲುತ್ತೇವೆ. ಕೊನೆಯ ಪುಟದ ಅಳತೆಯ ಪಟ್ಟಿಯನ್ನು ಯಾರೂ ವಿಮರ್ಶಿಸಿದ್ದು ನಾನಂತೂ ಕಾಣೆ. ಆ ಕೆಲಸ ನನ್ನ ಪಾಲಿಗೆ ಬಂದದ್ದು ಮಗಳ ಮೊದಲ ದೀಪಾವಳಿಯಲ್ಲಿ.

ಅಳಿಯಂದಿರು ಬರುವವರಿದ್ದರು, ಕಜ್ಜಾಯ ಆಗಲೇಬೇಕು. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಉಳಿದದ್ದು ಅವಳ ನೋಟ್‌ಬುಕ್ಕು. ಅಜ್ಜಿಯಿಂದ ಕೇಳಿ ಬರೆದುಕೊಂಡದ್ದು: ‘ಅಕ್ಕಿ ಒಂದು ಸೇರು, ಬೆಲ್ಲ ಎರಡೂವರೆ ಸೇರು.’ ನಾನು ಕೊಂಡಿದ್ದ ಪುಸ್ತಕದ ಪಟ್ಟಿಯಲ್ಲಿ ಸೇರಿಗೆ 933 ಗ್ರಾಂ ಎಂದಿತ್ತು. ಲೆಕ್ಕ ಹಾಕಿದರೆ ಬೆಲ್ಲವೇ ಎರಡು ಕಿಲೋ ಮುನ್ನೂರು ಗ್ರಾಂ ದಾಟಿತು! ಅಮ್ಮನ ಕೈತಪ್ಪೆಂದುಕೊಂಡು, ಟೀಚರ್ ಬುದ್ಧಿ ನೋಡಿ, ಕೆಂಪು ಶಾಯಿಯಲ್ಲಿ ಆ ಸಾಲಿಗೆ ಗೀಟು ಹಾಕಿ ಅರ್ಧಕ್ಕೆ ಇಳಿಸಿದೆ. ಆದರೂ ಕಜ್ಜಾಯಗಳು ಎಣ್ಣೆಗೆ ಬಿಟ್ಟೊಡನೆ ಒಡೆದು ಪುಡಿಪುಡಿಯಾದವು.

ಎದುರುಮನೆ ಅಜ್ಜಿ ನಕ್ಕುಬಿಟ್ಟರು. “ಅಲ್ವೇ, ಅಕ್ಕಿ ಸೇರೇ ಬೇರೆ, ಬೆಲ್ಲದ ಸೇರೇ ಬೇರೆ. ಅಳೆಯೋದು ಒಂದು, ತೂಗೋದು ಒಂದು. ಪಾಠ ಹೇಳೋಳು, ಇಷ್ಟು ತಿಳೀಲಿಲ್ವೇನೆ?”

ನಿಜ. ನಮ್ಮ ಹಳೇ ಮೈಸೂರಿನ ಕಡೆ ಅಕ್ಕಿಯ ಸೇರು ಅಳೆಯುವ ಪಾತ್ರೆ. ನಾಲ್ಕು ಪಾವು ಸೇರಿದರೆ ಒಂದು ಸೇರು. ಬೆಲ್ಲದ್ದು ತೂಕದ ಕಚ್ಚಾ ಸೇರು; 24 ತೊಲ, ಅಂದರೆ ಸುಮಾರು 280 ಗ್ರಾಂ. ಪುಸ್ತಕದ 933 ಗ್ರಾಂ 80 ತೊಲದ ಪಕ್ಕಾ ಸೇರಿನದು. ಎರಡೂವರೆ ಕಚ್ಚಾ ಸೇರೆಂದರೆ 700 ಗ್ರಾಂ. ಸೇರು ಅಕ್ಕಿಗೆ ಹದವಾದ ಬೆಲ್ಲ. ಅಮ್ಮ ಬರೆದದ್ದು ಸರಿಯಾಗಿಯೇ ಇತ್ತು. 1956ರ ಕಾಯಿದೆಯಿಂದ ಕಿಲೋಗ್ರಾಂ ಬಂದ ಕಥೆಯನ್ನು ವರ್ಷ ವರ್ಷವೂ ಮಕ್ಕಳಿಗೆ ಹೇಳುವ ಸಮಾಜ ಪಾಠದ ಟೀಚರಿಗೆ, ಹೋದದ್ದು ಎಂಥ ಸೇರು ಎಂದು ಕೇಳಬೇಕೆನಿಸಿರಲಿಲ್ಲ.

ಆ ಪುಸ್ತಕ ಕೆಟ್ಟದ್ದೇನಲ್ಲ. ಪಲ್ಯ, ಗೊಜ್ಜುಗಳ ಭಾಗ ಸೊಗಸಾಗಿದೆ. ಆದರೆ ಅದೇ ಪಟ್ಟಿಯಲ್ಲಿ ‘ಒಂದು ಕಪ್ = 250 ಗ್ರಾಂ’ ಎಂದೂ ಅಚ್ಚಾಗಿದೆ. ನೀರಿಗಾದರೆ ಸರಿ. 250 ಮಿಲಿಲೀಟರಿನ ಅದೇ ಕಪ್ಪಿನಲ್ಲಿ ಅಕ್ಕಿ 200 ಗ್ರಾಂ ಚಿಲ್ಲರೆ ಹಿಡಿದರೆ, ಮೈದಾ 130ರ ಆಸುಪಾಸು. ಜರಡಿ ಹಿಡಿದರೆ ಇನ್ನೂ ಕಡಿಮೆ, ಒತ್ತಿ ತುಂಬಿದರೆ ಹೆಚ್ಚು. ಅಮೆರಿಕದ ಕಪ್ಪಂತೂ 237 ಮಿಲಿಲೀಟರು ಮಾತ್ರ.

ಹಾಗೆಂದು ಎಲ್ಲವನ್ನೂ ತೂಗಬೇಕಿಲ್ಲ. ಇಡ್ಲಿಗೆ ಅಕ್ಕಿ, ಉದ್ದು ಎರಡನ್ನೂ ಒಂದೇ ಲೋಟದಲ್ಲಿ ಅಳೆದರೆ ಸಾಕು. ಲೋಟ ದೊಡ್ಡದೋ ಚಿಕ್ಕದೋ, ಪ್ರಮಾಣ ಕೆಡದು. ಬೆಲ್ಲ, ಹಿಟ್ಟುಗಳಿಗೆ ತಕ್ಕಡಿಯೇ ಮೇಲು. ಪುಸ್ತಕ ಬರೆಯುವವರು ಯಾವುದನ್ನು ಅಳೆದರು, ಯಾವುದನ್ನು ತೂಗಿದರು, ಕಪ್ಪು ಎಷ್ಟು ಹಿಡಿಯುತ್ತದೆ ಎಂದು ಆಯಾ ತಿಂಡಿಯ ಪುಟದಲ್ಲೇ ಬರೆಯಲಿ. ಕೊನೆಯ ಪಟ್ಟಿ ಇಲ್ಲದಿದ್ದರೂ ನಡೆದೀತು.

ಮರುವರ್ಷ ಅಮ್ಮನ ಲೆಕ್ಕದಲ್ಲೇ ಮಾಡಿದೆ, ಒಂದೂ ಒಡೆಯಲಿಲ್ಲ. ನೋಟ್‌ಬುಕ್ಕಿನ ಕೆಂಪು ಗೀಟು ಮಾತ್ರ ಅಳಿಸುವಂತಿಲ್ಲ. ಅದರ ಪಕ್ಕದಲ್ಲಿ ಮಗಳಿಗೆ ತಿಳಿಯಲೆಂದು ಬರೆದಿಟ್ಟಿದ್ದೇನೆ: ‘ಅಜ್ಜಿ ಬರೆದದ್ದೇ ಸರಿ. ತಪ್ಪು ನನ್ನದು.’