ತುರ್ತು ಕಾಲುವೆಯ ದಂಡೆ

ಪಾರ್ಕಿಗೆ ನಾಯಿ ಕರೆದೊಯ್ದರೆ ವಾಚ್‌ಮನ್ ಜೊತೆ ಜಗಳ ತಪ್ಪಿದ್ದಲ್ಲ. ನಮ್ಮ ಕರಿಯನಿಗೆ ಆ ತಾಪತ್ರಯವಿಲ್ಲ. ಅವನ ಪಾರ್ಕು ಹಂಪಿಯ ತುರ್ತು ಕಾಲುವೆಯ ದಂಡೆ. ಕಾಲುವೆ ವಿಜಯನಗರದ ಅರಸರ ಕಾಲದ್ದು. ತುಂಗಭದ್ರೆಯ ನೀರನ್ನು ಇವತ್ತಿಗೂ ಬಾಳೆ ತೋಟಗಳಿಗೆ ಉಣಿಸುತ್ತಿದೆ. ಅದೇ ನದಿಯ ಹೊಸಪೇಟೆಯ ಅಣೆಕಟ್ಟು ಮುಗಿದದ್ದು 1953ರಲ್ಲಿ. ಅದರ ಮುಂದೆ ಇದು ಮುತ್ತಜ್ಜ.

ಟಿಕೆಟ್ಟಿಲ್ಲ, ಬೆಂಚಿಲ್ಲ, ಕಾರಂಜಿಯಂತೂ ಇಲ್ಲ. ಒಂದು ಬದಿಗೆ ಬಾಳೆ, ಇನ್ನೊಂದು ಬದಿಗೆ ಮಾಸಿದ ಗುಲಾಬಿ ಬಣ್ಣದ ಗುಂಡುಬಂಡೆಗಳು, ನಡುವೆ ಸದ್ದಿಲ್ಲದೆ ಹರಿಯುವ ನೀರು. ಕರಿಯ ನೆಲಕ್ಕೆ ಮೂಗು ಹಚ್ಚಿದನೆಂದರೆ ರಾತ್ರಿಯ ಸುದ್ದಿಯನ್ನೆಲ್ಲ ಓದಿ ಮುಗಿಸಬೇಕು: ಒಂದು ಹುಲ್ಲುಗರಿಯನ್ನು ಮೂಸಿ, ಎರಡು ಹೆಜ್ಜೆ ಹೋಗಿ, ಮತ್ತೆ ಹಿಂದಿರುಗಿ ಅದನ್ನೇ ಮೂಸುತ್ತಾನೆ. ಅಲ್ಲಿಯವರೆಗೂ ನಾನು ಹಗ್ಗ ಹಿಡಿದು ನಿಂತಿರಬೇಕು. ಹಂಪಿಯನ್ನು ಅರ್ಧ ದಿನದಲ್ಲಿ ನೋಡಿ ಮುಗಿಸುವವರಿಗೆ ಇಂಥದೊಂದು ನಾಯಿಯನ್ನು ಬಾಡಿಗೆಗೆ ಕೊಡಬೇಕು ಅನ್ನಿಸುತ್ತದೆ.

ಹತ್ತಿರದ ಮಹಾನವಮಿ ದಿಬ್ಬದ ಬೇಟೆಯ ಕೆತ್ತನೆಗಳಲ್ಲಿ ನಾಯಿಗಳೂ ಇವೆ. ಆನೆ, ಕುದುರೆ, ಒಂಟೆಗಳ ಸಾಲಿಗೆ ಕ್ಯಾಮೆರಾ ಹಿಡಿಯುವವರು ಇವನ್ನು ಗಮನಿಸುವುದು ಕಡಿಮೆ. ನನಗೆ ಮಾತ್ರ ಪಟ್ಟದಾನೆಗಿಂತ ಅವೇ ಇಷ್ಟ.

ಹೋಗುವುದಾದರೆ ಚೆನ್ನಾಗಿ ಬೆಳಕು ಹರಿದ ಮೇಲೆ ಹೋಗಿ, ಹಗ್ಗ ಬಿಡಬೇಡಿ. ದರೋಜಿ ಕರಡಿಧಾಮ ಇಲ್ಲಿಂದ ದೂರವಲ್ಲ. ಈ ಬಂಡೆಗಳ ಸಂದಿನಲ್ಲಿ ಚಿರತೆಯೂ ಇರುತ್ತದೆ, ಅದಕ್ಕೆ ನಾಯಿ ಎಂದರೆ ಬಲು ಪ್ರೀತಿ.