ಸರಿಯುತ್ತರಗಳ ಗೈಡು

ಕಾದಂಬರಿಗೆ, ಕವನ ಸಂಕಲನಕ್ಕೆ ಪುಟಗಟ್ಟಲೆ ವಿಮರ್ಶೆ ಬರೆಯುವ ನಾವು ಒಂದು ಪುಸ್ತಕವನ್ನ ಮಾತ್ರ ಇವತ್ತಿನವರೆಗೂ ಮುಟ್ಟಿಲ್ಲ. ಕೆಎಎಸ್, ಐಎಎಸ್ ಪರೀಕ್ಷೆ ಕಟ್ಟಿದ ನಮ್ಮ ಹುಡುಗ ಹುಡುಗಿಯರು ಹಾಸ್ಟೆಲ್ಲುಗಳಲ್ಲಿ ರಾತ್ರಿಯೆಲ್ಲಾ ಉರು ಹೊಡೆಯುವ 'ಪ್ರಚಲಿತ ವಿದ್ಯಮಾನ, ಸಾಮಾನ್ಯ ಜ್ಞಾನ'ದ ಗೈಡು ಅದು. ನಮ್ಮವರು ಅತಿ ಹೆಚ್ಚು ಓದೋದು ನಮ್ಮ ಕವಿತೆಗಳನ್ನಲ್ಲ, ಇದನ್ನ.

ಗೈಡಿನ ದಾರಿ ನೋಡಿ. ಅಸ್ಪೃಶ್ಯತೆ ನಿಷೇಧ ಸಂವಿಧಾನದ ಯಾವ ವಿಧಿ? 17. ಮಲ ಹೊರುವ ಪದ್ಧತಿ ನಿಷೇಧಿಸಿದ ಕೇಂದ್ರ ಕಾಯ್ದೆಗಳು ಯಾವ ವರ್ಷದವು? 1993, 2013. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಎಷ್ಟು ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಹೇಳಿತು? 30 ಲಕ್ಷ ರೂಪಾಯಿ. ಎಲ್ಲಾ ಸರಿಯುತ್ತರ. ಆದರೆ 1993ರಲ್ಲೇ ನಿಷೇಧವಾದದ್ದಕ್ಕೆ 2013ರಲ್ಲಿ ಇನ್ನೊಂದು ಕಾಯ್ದೆ ಯಾಕೆ ಬೇಕಾಯ್ತು? ಎರಡು ಕಾಯ್ದೆ ಇದ್ದೂ ಹೆಣದ ಲೆಕ್ಕವನ್ನ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸುವ ಕೆಲಸ ಕೋರ್ಟಿಗೆ ಯಾಕೆ ಬಂತು? ಗುಂಡಿಗೆ ಇಳಿದವನ ಜಾತಿ ಯಾವುದು, ಇಳಿಸಿದವನು ಯಾರು? ಇದಕ್ಕೆ ಗೈಡಿನಲ್ಲಿ ಎ, ಬಿ, ಸಿ, ಡಿ ಇಲ್ಲ.

ಮುಖ್ಯ ಪರೀಕ್ಷೆಯಲ್ಲಿ ಕಾರಣ ಬರೆಯೋಕೆ ಜಾಗ ಉಂಟು ಅನ್ನಬಹುದು. ನಿಜ. ಆದರೆ ಅಲ್ಲಿಗೆ ಹೋಗುವ ಬಾಗಿಲು ಪೂರ್ವಭಾವಿ ಪರೀಕ್ಷೆ. ಆ ಬಾಗಿಲಲ್ಲಿ ನಮ್ಮವರನ್ನ ಭಾಷೆಯೇ ತಡೀತದೆ. ಕರ್ನಾಟಕ ಲೋಕಸೇವಾ ಆಯೋಗ 384 ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಪರೀಕ್ಷೆ ನಡೆಸಿತು. ಇಂಗ್ಲಿಷಿನಿಂದ ಇಳಿಸಿದ ಕನ್ನಡ ಪ್ರಶ್ನೆಗಳು ಎಷ್ಟು ಕೆಟ್ಟಿದ್ದವೆಂದರೆ ಸರ್ಕಾರವೇ ಮರುಪರೀಕ್ಷೆ ಮಾಡಿ ಅಂತ ಹೇಳಬೇಕಾಯ್ತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅದೇ ಗೋಳು. ತಪ್ಪುತ್ತರಕ್ಕೆ ಅಂಕ ಕಳೆಯುವ ಪರೀಕ್ಷೆ ಇದು. ತಪ್ಪು ಅನುವಾದ ಮಾಡಿದವರದು, ಅಂಕ ಹೋದದ್ದು ಕನ್ನಡ ಶಾಲೆಯಲ್ಲಿ ಓದಿ ಬಂದ ಕೂಲಿಯವನ ಮಗಳದು. ಇಂಗ್ಲಿಷ್ ಬಲ್ಲವರು ಪಕ್ಕದ ಸಾಲು ನೋಡಿ ದಾಟಿಕೊಂಡರು.

ಹಾಗಂತ ಗೈಡು ಸುಡಿ ಅಂತ ನಾವು ಹೇಳೋದಿಲ್ಲ. ಹಸಿದವರ ಮಕ್ಕಳಿಗೆ ಆ ಕುರ್ಚಿ ಬೇಕು. ಓದಲಿ, ಪಾಸಾಗಲಿ. ಆದರೆ ಗೈಡಿನ ಪ್ರತಿ ಉತ್ತರದ ಪಕ್ಕ 'ಯಾಕೆ?' ಅಂತ ಒಂದು ಮಾತು ಬರೆದುಕೊಳ್ಳಲಿ. ಹಾಸ್ಟೆಲ್ಲಿನಲ್ಲಿ ನಾಲ್ಕು ಜನ ಕೂತು ಆ ಯಾಕೆಗೆ ಉತ್ತರ ಹುಡುಕಲಿ. ಅಂಥ ಗೈಡು ಬರೆಯೋ ಕೆಲಸ ನಮ್ಮ ಪತ್ರಿಕೆಗಳದ್ದೂ ಹೌದು. ಅದನ್ನ ನಾವು ಇನ್ನೂ ಮಾಡಿಲ್ಲ.

ನಾಳೆ ನಮ್ಮ ಹುಡುಗಿಯೇ ತಹಸೀಲ್ದಾರಳಾದಾಗ ಮ್ಯಾನ್‌ಹೋಲಿನಲ್ಲಿ ಸತ್ತವನ ಫೈಲು ಅವಳ ಮೇಜಿಗೆ ಬರ್ತದೆ. 30 ಲಕ್ಷ ಅನ್ನೋದು ಅವಳಿಗೆ ಬಾಯಿಪಾಠ. ಎಫ್‌ಐಆರ್‌ನಲ್ಲಿ ಗುತ್ತಿಗೆದಾರನ ಹೆಸರು ಯಾಕಿಲ್ಲ ಅಂತ ಕೇಳೋದನ್ನ ಅವಳಿಗೆ ಯಾರು ಕಲಿಸಿರ್ತಾರೆ?